ತರಬೇತಿ ವಿಮಾನಕ್ಕಾಗಿ 22 ವರ್ಷ ಕಾದ ವಾಯುಪಡೆ

2012ರ ಮೇ ತಿಂಗಳಲ್ಲಿ ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ರಾಜ್ಯಸಭೆಗೆ ಒಂದು ಲಿಖಿತ ಉತ್ತರ ಕೊಟ್ಟರು. ವಾಯುಪಡೆ ಅಲ್ಲಿಯವರೆಗೆ ಪಡೆದಿದ್ದ ಸೋವಿಯತ್ ಮೂಲದ 872 ಮಿಗ್ ಯುದ್ಧವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆಲಕಚ್ಚಿದ್ದವು. ಆ ವರ್ಷದ ಏಪ್ರಿಲ್ 19ರ ತನಕ ಆದ ಅಪಘಾತಗಳು 482. ಸತ್ತವರು 171 ಪೈಲಟ್‌ಗಳು, 39 ನಾಗರಿಕರು, ಸೇನೆಯ ಇತರ ವಿಭಾಗಗಳ ಎಂಟು ಮಂದಿ ಮತ್ತು ಒಬ್ಬ ವಿಮಾನ ಸಿಬ್ಬಂದಿ. ಕಾರಣ ಏನೆಂಬ ಪ್ರಶ್ನೆಗೆ ಉತ್ತರ ಚಿಕ್ಕದಾಗಿತ್ತು: ಮಾನವ ದೋಷ ಮತ್ತು ತಾಂತ್ರಿಕ ದೋಷ.

ಸುಳ್ಳೇನೂ ಅಲ್ಲ. ಆದರೆ ಆ ಎರಡು ಕಾರಣಗಳು ಹೇಳುವುದು ವಿಮಾನದ ಕೊನೆಯ ಕೆಲವು ನಿಮಿಷಗಳ ಕತೆಯನ್ನು ಮಾತ್ರ. ಅದಕ್ಕೂ ಮುಂಚಿನ ಕತೆ ನಡೆದದ್ದು ದೆಹಲಿಯ ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ. ಅದನ್ನು ಬರೆದಿಡಲು ವಿಚಾರಣಾ ವರದಿಯಲ್ಲಿ ಜಾಗವಿರುವುದಿಲ್ಲ. ಮಿಗ್-21ರ ಇತಿಹಾಸವನ್ನು ಹಿಂದಕ್ಕೆ ಸರಿಸುತ್ತ ಹೋದರೆ ಅದು ಕಾಣಸಿಗುತ್ತದೆ.

ಮೊದಲು ವಿಮಾನದ ಪರವಾಗಿ ನಾಲ್ಕು ಮಾತು ಹೇಳಬೇಕು. 1963ರಲ್ಲಿ ಚಂಡೀಗಡಕ್ಕೆ ಬಂದ ಮಿಗ್-21, ಶಬ್ದಕ್ಕಿಂತ ವೇಗವಾಗಿ ಹಾರುವ ನಮ್ಮ ಮೊದಲ ಯುದ್ಧವಿಮಾನ. 1971ರ ಡಿಸೆಂಬರ್ 14ರಂದು ಢಾಕಾದ ಗವರ್ನರ್ ನಿವಾಸದ ಮೇಲೆ ದಾಳಿ ಮಾಡಿ ಆ ಯುದ್ಧದ ಕೊನೆಯನ್ನು ಹತ್ತಿರ ತಂದಿದ್ದು ಇದೇ ವಿಮಾನ. ಸೋವಿಯತ್ ಒಕ್ಕೂಟ ತಂತ್ರಜ್ಞಾನವನ್ನೂ ಕೊಟ್ಟಿತು. ನಾಸಿಕ್‌ನ ಎಚ್‌ಎಎಲ್ ಕಾರ್ಖಾನೆಯಲ್ಲಿ ವಿಮಾನ, ಒಡಿಶಾದ ಕೊರಾಪುಟ್‌ನಲ್ಲಿ ಎಂಜಿನ್ ತಯಾರಾದವು. ಒಂದು ಕಾಲಕ್ಕೆ ವಾಯುಪಡೆಯ ಬೆನ್ನೆಲುಬೇ ಇದಾಗಿತ್ತು. ನೂರಾರು ವಿಮಾನಗಳು ದಶಕಗಟ್ಟಲೆ ಹಾರಿದರೆ ಬೀಳುವವುಗಳ ಸಂಖ್ಯೆಯೂ ದೊಡ್ಡದಾಗಿಯೇ ಕಾಣುತ್ತದೆ. 'ಹಾರುವ ಶವಪೆಟ್ಟಿಗೆ' ಎಂಬ ಅಡ್ಡಹೆಸರು ಪತ್ರಿಕೆಗಳಲ್ಲಿ ಎಷ್ಟು ಓಡಾಡಿತೆಂದರೆ, ಅದನ್ನು ಹಾರಿಸಿದ ಹಳಬರು ಇಂದಿಗೂ ಆ ಮಾತು ಕೇಳಿದರೆ ಸಿಡಿಮಿಡಿಗೊಳ್ಳುತ್ತಾರೆ. ಅವರ ಸಿಟ್ಟಿನಲ್ಲಿ ನ್ಯಾಯವಿದೆ.

ಆದರೂ ಮಿಗ್-21 ಪಳಗಿದ ಕೈಗಳನ್ನು ಬೇಡುವ ವಿಮಾನ ಎಂಬುದರಲ್ಲಿ ಎರಡು ಮಾತಿಲ್ಲ. ಎತ್ತರದಲ್ಲಿ ಹಾರುವ ಶತ್ರು ವಿಮಾನದತ್ತ ಬಾಣದಂತೆ ನುಗ್ಗಿ, ಹೊಡೆದು, ವಾಪಸಾಗಲೆಂದು 1950ರ ದಶಕದಲ್ಲಿ ರೂಪಿಸಿದ್ದು ಅದು. ತೆಳುವಾದ, ತ್ರಿಕೋನಾಕಾರದ ರೆಕ್ಕೆಗಳು ಹೆಚ್ಚು ವೇಗಕ್ಕೆ ಹೇಳಿ ಮಾಡಿಸಿದಂಥವು. ವೇಗ ತಗ್ಗಿದಾಗ ಅವೇ ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಲು ತಿಣುಕುತ್ತವೆ. ಹಾಗಾಗಿ ಇಳಿಯುವಾಗಲೂ ವೇಗ ತಗ್ಗಿಸುವಂತಿಲ್ಲ. ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿ, ಮೂತಿ ಮೇಲೆತ್ತಿಕೊಂಡೇ ರನ್‌ವೇ ಮುಟ್ಟಬೇಕು. ಮೂತಿ ಮೇಲಿದ್ದರೆ ಮುಂದಿನ ನೆಲ ಸರಿಯಾಗಿ ಕಾಣುವುದಿಲ್ಲ. ಚಕ್ರ ನೆಲ ಮುಟ್ಟಿದ ಮೇಲೆ ಬಾಲದಿಂದ ಪ್ಯಾರಾಚೂಟ್ ಬಿಚ್ಚಿ ಓಟ ತಡೆಯಬೇಕು. ಇರುವುದು ಒಂದೇ ಎಂಜಿನ್. ಕೆಳಮಟ್ಟದಲ್ಲಿ ಅದಕ್ಕೊಂದು ಹಕ್ಕಿ ಬಡಿದರೆ, ಅಥವಾ ಎಂಜಿನ್ ತಾನಾಗಿ ಆರಿಹೋದರೆ, ಪೈಲಟ್‌ಗೆ ಯೋಚಿಸಲು ಸಿಗುವುದು ಕೆಲವೇ ಸೆಕೆಂಡು.

ಎರಡು ಆಸನಗಳ ತರಬೇತಿ ಮಿಗ್‌ನ ಹಿಂದಿನ ಕಾಕ್‌ಪಿಟ್ ನೋಡಿದರೆ ಈ ಕಷ್ಟ ಚೆನ್ನಾಗಿ ಮನದಟ್ಟಾಗುತ್ತದೆ. ಅಲ್ಲಿ ಕೂರುವ ಶಿಕ್ಷಕನಿಗೆ ಎದುರಿಗೆ ಕಾಣುವುದು ಶಿಷ್ಯನ ಆಸನದ ಬೆನ್ನು. ರನ್‌ವೇ ಕಾಣಲೆಂದು ಅವನ ತಲೆಯ ಮೇಲೆ, ಜಲಾಂತರ್ಗಾಮಿಯಲ್ಲಿರುವಂಥ ಪೆರಿಸ್ಕೋಪ್ ಅಳವಡಿಸಿರುತ್ತಾರೆ. ಇಳಿಯುವ ಹೊತ್ತಿನಲ್ಲಿ ಅದರ ಚಿಕ್ಕ ಕನ್ನಡಿಯಲ್ಲಿ ನೋಡುತ್ತ, ಮುಂದೆ ಕುಳಿತ ಹುಡುಗನ ಕೈಯಿಂದ ತಪ್ಪಾದರೆ ತಿದ್ದಬೇಕು.

ಆ ಹುಡುಗ ಅಲ್ಲಿಗೆ ಬರುತ್ತಿದ್ದುದಾದರೂ ಎಲ್ಲಿಂದ? ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಕಿರಣ್ ಎಂಬ ಜೆಟ್ ತರಬೇತಿ ವಿಮಾನದಿಂದ. 1960ರ ದಶಕದ ಕೊನೆಯಲ್ಲಿ ಸೇವೆಗೆ ಬಂದ ಕಿರಣ್ ಸಾಧು ಸ್ವಭಾವದ್ದು. ಶಿಕ್ಷಕ, ಶಿಷ್ಯ ಅಕ್ಕಪಕ್ಕ ಕೂರುತ್ತಾರೆ. ಗರಿಷ್ಠ ವೇಗ ಗಂಟೆಗೆ 700 ಕಿ.ಮೀ.ಗೆ ಹತ್ತಿರ. ಅದನ್ನು ಬಿಟ್ಟಿಳಿದವನು ಮುಂದೆ ಹತ್ತಬೇಕಾದದ್ದು ಶಬ್ದದ ವೇಗವನ್ನು ದುಪ್ಪಟ್ಟು ಮೀರಬಲ್ಲ ಮಿಗ್-21. ಸೈಕಲ್ ಕಲಿತವನನ್ನು ಮರುದಿನ ಘಾಟಿ ರಸ್ತೆಯಲ್ಲಿ ಲಾರಿ ಸ್ಟಿಯರಿಂಗ್ ಮುಂದೆ ಕೂರಿಸಿದಂತೆ. ನಡುವೆ ಇರಬೇಕಾದ ಮೆಟ್ಟಿಲು ಇರಲಿಲ್ಲ. ಅಸ್ಸಾಂನ ತೇಜ್‌ಪುರದಲ್ಲಿ ಇದಕ್ಕಾಗಿಯೇ ತರಬೇತಿ ಘಟಕವೊಂದು ಶುರುವಾಯಿತಾದರೂ ಅಲ್ಲಿದ್ದದ್ದೂ ಮಿಗ್-21ಗಳೇ.

ಈ ಕೊರತೆ ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಏರ್ ಮಾರ್ಷಲ್ ಡೆನಿಸ್ ಲಾ ಫಾಂಟೇನ್ ಅಧ್ಯಕ್ಷತೆಯ ಸಮಿತಿ 1982ರಲ್ಲೇ, ಸುಧಾರಿತ ಜೆಟ್ ತರಬೇತಿ ವಿಮಾನ ಬೇಕೇ ಬೇಕು ಎಂದು ಶಿಫಾರಸು ಮಾಡಿತ್ತು. ಲಾ ಫಾಂಟೇನ್ ಮುಂದೆ ವಾಯುಪಡೆಯ ಮುಖ್ಯಸ್ಥರಾದರು, ನಿವೃತ್ತರೂ ಆದರು. ಕಡತ ಮಾತ್ರ ಮೇಜಿನಿಂದ ಮೇಜಿಗೆ ಸುತ್ತುತ್ತಲೇ ಇತ್ತು. ಯಾವ ದೇಶದ ವಿಮಾನ, ಎಷ್ಟು ಬೆಲೆ, ಯಾರ ಸರ್ಕಾರ ಎಂಬ ಲೆಕ್ಕಾಚಾರದಲ್ಲಿ ಎರಡು ದಶಕ ಕಳೆಯಿತು. ಯುದ್ಧವಿಮಾನಗಳ ಅಪಘಾತಗಳ ಬಗ್ಗೆ ಅಧ್ಯಯನ ಮಾಡಲು 1990ರ ದಶಕದಲ್ಲಿ ಇನ್ನೊಂದು ಸಮಿತಿ ಬಂತು. ಅದರ ಅಧ್ಯಕ್ಷರು ಎ.ಪಿ.ಜೆ. ಅಬ್ದುಲ್ ಕಲಾಂ. ಬ್ರಿಟನ್ನಿನ ಹಾಕ್ ವಿಮಾನಕ್ಕೆ ಒಪ್ಪಂದವಾಗಿದ್ದು 2004ರ ಮಾರ್ಚ್‌ನಲ್ಲಿ. ಮೊದಲ ಕಂತು 66 ವಿಮಾನ. ಅವುಗಳಲ್ಲಿ 24 ಬ್ರಿಟನ್ನಿನಿಂದ ಬಂದರೆ ಉಳಿದವು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಬೇಕಿತ್ತು. 2008ರ ಫೆಬ್ರುವರಿಯಲ್ಲಿ ಬೀದರ್ ವಾಯುನೆಲೆಯಲ್ಲಿ ಹಾಕ್ ಸೇವೆಗೆ ಸೇರಿತು. ಇಂದು ಬೀದರ್‌ನ ಆಕಾಶದಲ್ಲಿ ಗುಡುಗುತ್ತ ಸುತ್ತುವ ವಿಮಾನ ಅದೇ.

ಶಿಫಾರಸಿಗೂ ಒಪ್ಪಂದಕ್ಕೂ ನಡುವೆ 22 ವರ್ಷ. ಆ ಅವಧಿಯಲ್ಲಿ ಬಿದ್ದ ವಿಮಾನಗಳ ವರದಿಗಳಲ್ಲಿ 'ಪೈಲಟ್ ತಪ್ಪು' ಎಂದು ಬರೆದಾಗಲೆಲ್ಲ, ಆ ಪೈಲಟ್‌ಗೆ ಸಿಗಬೇಕಿದ್ದ ತರಬೇತಿ ಸಿಕ್ಕಿತ್ತೇ ಎಂದು ಕೇಳಬೇಕಿತ್ತು. ಕೇಳಿದವರು ಬಹುಪಾಲು ಸತ್ತವರ ಮನೆಯವರು. 2001ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಸೂರತ್‌ಗಢದಿಂದ ರಾತ್ರಿ ಹೊತ್ತು ಮೇಲೇರಿದ ಮಿಗ್-21 ಬಿದ್ದು ಫ್ಲೈಟ್ ಲೆಫ್ಟಿನೆಂಟ್ ಅಭಿಜಿತ್ ಗಾಡ್ಗೀಳ್ ತೀರಿಕೊಂಡರು. ಅವರ ತಾಯಿ ಕವಿತಾ ಗಾಡ್ಗೀಳ್ ಮಗನ ತಲೆಗೆ ತಪ್ಪು ಕಟ್ಟುವುದನ್ನು ಒಪ್ಪದೆ ವರ್ಷಗಟ್ಟಲೆ ಬಹಿರಂಗವಾಗಿ ಹೋರಾಡಿದರು. ಸತ್ತವನು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ. ಹಾಗಾಗಿ ತಪ್ಪನ್ನು ಅವನ ಹೆಸರಿಗೆ ಬರೆದು ಕೈ ತೊಳೆದುಕೊಳ್ಳುವುದು ಯಾವ ವ್ಯವಸ್ಥೆಗೂ ಸುಲಭ.

ಬದುಕುಳಿದವರು ಸಾಕ್ಷಿ ಹೇಳಿದಾಗ ಏನಾಗುತ್ತದೆ ಎಂಬುದಕ್ಕೆ ವಿಂಗ್ ಕಮಾಂಡರ್ ಸಂಜೀತ್ ಸಿಂಗ್ ಕೈಲಾ ಅವರ ಪ್ರಕರಣವಿದೆ. 2005ರ ಜನವರಿಯಲ್ಲಿ ರಾಜಸ್ಥಾನದಲ್ಲಿ ಅವರು ಹಾರಿಸುತ್ತಿದ್ದ ಮಿಗ್-21ಕ್ಕೆ ಬೆಂಕಿ ಹೊತ್ತಿಕೊಂಡಿತು. ಕೊನೆಯ ಗಳಿಗೆಯಲ್ಲಿ ಅವರು ಆಸನ ಸಮೇತ ಹೊರಚಿಮ್ಮಿ ಪಾರಾದರು. ಜೀವ ಉಳಿಯಿತು, ಬೆನ್ನುಮೂಳೆಗೆ ಪೆಟ್ಟಾಗಿ ಯುದ್ಧವಿಮಾನ ಹಾರಿಸುವ ಬದುಕು ಮುಗಿಯಿತು. ದೋಷ ತಯಾರಿಕೆಯಲ್ಲೇ ಇತ್ತು ಎಂದು ತಿಳಿದ ಮೇಲೆ ಅವರು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದರು. ಸೇವೆಯಲ್ಲಿರುವ ಅಧಿಕಾರಿಯೊಬ್ಬರು ಸರ್ಕಾರವನ್ನೂ ಎಚ್‌ಎಎಲ್ ಅನ್ನೂ ಕೋರ್ಟಿಗೆಳೆಯುವುದು ಸಣ್ಣ ಮಾತಲ್ಲ. 2017ರಲ್ಲಿ ಬಂದ ತೀರ್ಪು ಅವರ ಪರವಾಗಿತ್ತು: ಎಚ್‌ಎಎಲ್ 50 ಲಕ್ಷ, ಕೇಂದ್ರ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು. ಯುದ್ಧವಿಮಾನ ಹಾರಿಸುವವನು ಅಪಾಯವನ್ನು ಒಪ್ಪಿಯೇ ಬಂದಿರುತ್ತಾನೆ ನಿಜ. ಆದರೆ ಕಳಪೆ ಕೆಲಸದಿಂದ ಹುಟ್ಟುವ ಅಪಾಯವನ್ನೂ ಒಪ್ಪಿದ್ದಾನೆ ಎಂದು ಭಾವಿಸುವಂತಿಲ್ಲ ಎಂಬುದು ತೀರ್ಪಿನ ತಿರುಳು. ಹಣಕ್ಕಿಂತ ಮುಖ್ಯವಾದದ್ದು ಇದು.

ಎಚ್‌ಎಎಲ್ ರೂಪಿಸಿದ ಎಚ್‌ಪಿಟಿ-32 ದೀಪಕ್ ಕತೆ ಇನ್ನೂ ಹೊಟ್ಟೆ ಉರಿಸುವಂಥದ್ದು. ಅದು ಯುದ್ಧವಿಮಾನವೂ ಅಲ್ಲ, ಕೆಡೆಟ್‌ಗಳಿಗೆ ಓನಾಮ ಕಲಿಸುವ ಸಣ್ಣ ಪ್ರೊಪೆಲ್ಲರ್ ವಿಮಾನ. ಹಾರುತ್ತಿರುವಾಗಲೇ ಅದರ ಎಂಜಿನ್ ನಿಂತುಹೋಗುವ ರೋಗಕ್ಕೆ ಮದ್ದೇ ಸಿಗಲಿಲ್ಲ. ಎಂಜಿನ್ ನಿಂತರೆ ತೇಲಿಕೊಂಡು ಇಳಿಯುವ ಗುಣವೂ ಅಷ್ಟಕ್ಕಷ್ಟೆ. ಹೊರಚಿಮ್ಮುವ ಆಸನವಂತೂ ಇರಲೇ ಇಲ್ಲ. 2009ರ ಜುಲೈ 31ರಂದು ಹೈದರಾಬಾದ್ ಸಮೀಪ ಒಂದು ದೀಪಕ್ ಬಿದ್ದು ಇಬ್ಬರು ಪೈಲಟ್‌ಗಳು ಸತ್ತರು. ಅವರು ಕಲಿಯುವವರಲ್ಲ, ಕಲಿಸುವವರು. ಕೈಚಳಕದಿಂದ ಇದನ್ನು ಸಂಭಾಳಿಸಬಹುದು ಎಂಬ ವಾದ ಅಲ್ಲಿಗೆ ಮುಗಿಯಿತು. 17 ಅಪಘಾತ, 19 ಸಾವುಗಳ ನಂತರ ಆ ವಿಮಾನವನ್ನು ನೆಲಕ್ಕಿಳಿಸಲಾಯಿತು.

ಇದರ ಪರಿಣಾಮ ಎಲ್ಲೆಲ್ಲಿಗೆ ಮುಟ್ಟಿತು ನೋಡಿ. ಆರಂಭಿಕ ವಿಮಾನವೇ ಇಲ್ಲದ ಕಾರಣ ಕೆಡೆಟ್‌ಗಳನ್ನು ನೇರವಾಗಿ ಕಿರಣ್ ಜೆಟ್ ಹತ್ತಿಸಬೇಕಾಯಿತು. ಕಿರಣ್‌ಗಳು ಸಾಲದೆ, ಬೀದರ್ ಮೂಲದ ಸೂರ್ಯಕಿರಣ್ ವೈಮಾನಿಕ ಪ್ರದರ್ಶನ ತಂಡವನ್ನೇ 2011ರಲ್ಲಿ ನಿಲ್ಲಿಸಿ ಅದರ ವಿಮಾನಗಳನ್ನು ತರಬೇತಿಗೆ ಕಳುಹಿಸಲಾಯಿತು. ಸ್ವಿಟ್ಜರ್ಲೆಂಡಿನ ಪಿಲಾಟಸ್ ಪಿಸಿ-7 ವಿಮಾನಗಳು 2013ರಲ್ಲಿ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು. ಸೂರ್ಯಕಿರಣ್ ತಂಡ ಮುಂದೆ ಹಾಕ್‌ಗಳೊಂದಿಗೆ ಮರಳಿತು. 2019ರ ಫೆಬ್ರುವರಿ 19ರಂದು ಯಲಹಂಕದಲ್ಲಿ ಏರೋ ಇಂಡಿಯಾಕ್ಕಾಗಿ ಅಭ್ಯಾಸ ಮಾಡುತ್ತಿದ್ದಾಗ ಆ ತಂಡದ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದು ಒಬ್ಬ ಪೈಲಟ್ ತೀರಿಕೊಂಡಿದ್ದು ಬೆಂಗಳೂರಿಗರಿಗೆ ನೆನಪಿರುತ್ತದೆ. ಅದೇ ತಿಂಗಳ ಮೊದಲ ದಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ, ಮೇಲ್ದರ್ಜೆಗೇರಿಸಿದ ಮಿರಾಜ್-2000 ಪರೀಕ್ಷಾರ್ಥವಾಗಿ ಹಾರುವ ಹೊತ್ತಿನಲ್ಲಿ ಬಿದ್ದು ಇಬ್ಬರು ಸತ್ತಿದ್ದರು.

ಎಲ್ಲ ಅಪಘಾತಗಳನ್ನೂ ಕಚೇರಿಗಳ ವಿಳಂಬಕ್ಕೆ ಗಂಟುಹಾಕುವುದು ಅನ್ಯಾಯವಾದೀತು. ಮನುಷ್ಯನ ದೇಹವೇ ಕೈಕೊಡುವ ಸಂದರ್ಭಗಳಿವೆ. 2021ರ ಡಿಸೆಂಬರ್ 8ರಂದು ತಮಿಳುನಾಡಿನ ಸೂಲೂರಿನಿಂದ ಅಲ್ಲಿನದೇ ವೆಲ್ಲಿಂಗ್ಟನ್‌ಗೆ ಹೊರಟ ಎಂಐ-17ವಿ5 ಹೆಲಿಕಾಪ್ಟರ್ ಕೂನೂರಿನ ಬಳಿ ಬಿದ್ದು ಜನರಲ್ ಬಿಪಿನ್ ರಾವತ್ ಸೇರಿದಂತೆ 13 ಮಂದಿ ಅಂದೇ ಸತ್ತರು. ಬದುಕುಳಿದಿದ್ದ ಒಬ್ಬರೇ ಒಬ್ಬರು, ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್, ಒಂದು ವಾರದ ನಂತರ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಹೆಲಿಕಾಪ್ಟರಿನಲ್ಲಿ ದೋಷವಿರಲಿಲ್ಲ. ಕಣಿವೆಯಲ್ಲಿ ಹವಾಮಾನ ಇದ್ದಕ್ಕಿದ್ದಂತೆ ಬದಲಾಗಿ ಅದು ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ದಿಕ್ಕು ತಪ್ಪಿತು ಎಂದಿತು ಮೂರೂ ಪಡೆಗಳ ಜಂಟಿ ವಿಚಾರಣೆ. ನಮ್ಮ ಒಳಕಿವಿಯಲ್ಲಿರುವ ದ್ರವ ಅಲುಗಾಡುವುದರಿಂದ ದೇಹ ಯಾವ ಕಡೆ ವಾಲಿದೆ ಎಂಬುದು ಮಿದುಳಿಗೆ ತಿಳಿಯುತ್ತದೆ. ನಿಧಾನವಾಗಿ, ಒಂದೇ ಸಮನೆ ತಿರುಗುವಾಗ ಆ ದ್ರವವೂ ಜತೆಯಲ್ಲೇ ತಿರುಗಿ ನಿಶ್ಚಲವಾಗಿಬಿಡುತ್ತದೆ. ಹೊರಗೆ ನೆಲವೋ ದಿಗಂತವೋ ಕಂಡರೆ ಕಣ್ಣು ಆ ತಪ್ಪನ್ನು ತಿದ್ದುತ್ತದೆ. ಮೋಡದೊಳಗೆ ಎಲ್ಲೆಲ್ಲೂ ಬಿಳಿ. ವಿಮಾನ ವಾಲಿದ್ದರೂ ಪೈಲಟ್‌ಗೆ ನೇರವಾಗಿದ್ದೇನೆ ಎಂದೇ ಅನ್ನಿಸುತ್ತದೆ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಈ ಭ್ರಮೆಯನ್ನು ಯಂತ್ರದಲ್ಲಿ ಕೂರಿಸಿಯೇ ತೋರಿಸುತ್ತಾರೆ. ದೇಹವನ್ನು ನಂಬಬೇಡ, ಮೀಟರ್‌ಗಳನ್ನು ನಂಬು ಎಂಬುದನ್ನು ಪೈಲಟ್ ಹೀಗೆ ಅನುಭವದಿಂದಲೇ ಕಲಿಯಬೇಕು. ಕೂನೂರು ದುರಂತ 2024ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯ ಮುಂದೆ ಬಂದಾಗ ಕಾರಣದ ಅಂಕಣದಲ್ಲಿದ್ದದ್ದು ಮತ್ತದೇ, ಮಾನವ ದೋಷ.

ಒಟ್ಟಾರೆ ಸ್ಥಿತಿ ಹಿಂದಿನಷ್ಟು ಕೆಟ್ಟದಾಗಿಲ್ಲ. ಪ್ರತಿ 10,000 ಗಂಟೆಗಳ ಹಾರಾಟಕ್ಕೆ ಎಷ್ಟು ಅಪಘಾತ ಎಂಬುದು ಇಲ್ಲಿನ ಅಳತೆ. 2000–05ರ ಅವಧಿಯಲ್ಲಿ 0.93 ಇದ್ದದ್ದು 2017–22ರಲ್ಲಿ 0.27ಕ್ಕೆ ಇಳಿಯಿತು. ಹಾಕ್, ಪಿಲಾಟಸ್ ಬಂದ ನಂತರದ ವರ್ಷಗಳವು. ಹಳೆಯ ಮಿಗ್‌ಗಳು ಒಂದೊಂದಾಗಿ ಮೂಲೆ ಸೇರಿದ ವರ್ಷಗಳೂ ಹೌದು.

ಅವು ಮೂಲೆ ಸೇರಲು ಅಷ್ಟು ಕಾಲ ಹಿಡಿದದ್ದೇಕೆ ಎಂದರೆ ಇನ್ನೊಂದು ವಿಳಂಬದ ಕತೆ ಬಿಚ್ಚಿಕೊಳ್ಳುತ್ತದೆ. ಮಿಗ್-21ರ ಜಾಗ ತುಂಬಲೆಂದು ಹಗುರ ಯುದ್ಧವಿಮಾನ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ, ಅಂದರೆ ಲಾ ಫಾಂಟೇನ್ ಸಮಿತಿಯ ಮರುವರ್ಷ. ತೇಜಸ್ ಮೊದಲು ಹಾರಿದ್ದು 2001ರ ಜನವರಿ 4ರಂದು, ಮೊದಲ ಸ್ಕ್ವಾಡ್ರನ್ ಬೆಂಗಳೂರಿನಲ್ಲಿ ಸಿದ್ಧವಾದದ್ದು 2016ರ ಜುಲೈನಲ್ಲಿ. ತೇಜಸ್ ಬರುವ ತನಕ ಹಳೆಯ ಮಿಗ್‌ಗಳಿಗೆ ಹೊಸ ರೇಡಾರ್, ಹೊಸ ಕ್ಷಿಪಣಿ ಕೂರಿಸಿ 'ಬೈಸನ್' ಎಂಬ ಹೆಸರಿನಲ್ಲಿ ಆಯುಷ್ಯ ಹೆಚ್ಚಿಸಲಾಯಿತು. ಒಳಗಿನ ಚೌಕಟ್ಟು, ಒಂಟಿ ಎಂಜಿನ್ ಹಳೆಯವೇ. 2022ರ ಜುಲೈನಲ್ಲಿ ಬಾರ್ಮೇರ್‌ನಲ್ಲಿ ತರಬೇತಿ ಮಿಗ್ ಬಿದ್ದು ಇಬ್ಬರು ಪೈಲಟ್‌ಗಳು, 2023ರ ಮೇ ತಿಂಗಳಲ್ಲಿ ಹನುಮಾನ್‌ಗಢ ಜಿಲ್ಲೆಯ ಹಳ್ಳಿಯೊಂದರ ಮನೆಯ ಮೇಲೆ ಮಿಗ್-21 ಬಿದ್ದು ಮೂವರು ಮಹಿಳೆಯರು ಸತ್ತರು. 2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ಸಮಾರಂಭ ನಡೆಸಿ ಮಿಗ್-21ಕ್ಕೆ ವಿದಾಯ ಹೇಳಲಾಯಿತು. ಸೇವೆಗೆ ಬಂದು ಆಗಲೇ 62 ವರ್ಷವಾಗಿತ್ತು.

ಅದೇ ವರ್ಷ ಮಾರ್ಚ್‌ನಿಂದ ಜುಲೈ ನಡುವೆ ಮೂರು ಜಾಗ್ವಾರ್ ಯುದ್ಧವಿಮಾನಗಳು ಬಿದ್ದವು. ಜಾಮ್‌ನಗರದಲ್ಲಿ ಒಬ್ಬ, ಚೂರುವಿನಲ್ಲಿ ಇಬ್ಬರು ಪೈಲಟ್‌ಗಳು ಸತ್ತರು. 1979ರಿಂದ ಹಾರುತ್ತಿರುವ, ಬಹುಪಾಲು ಬೆಂಗಳೂರಿನಲ್ಲೇ ತಯಾರಾದ ಜಾಗ್ವಾರನ್ನು ಬ್ರಿಟನ್, ಫ್ರಾನ್ಸ್, ಓಮಾನ್ ಎಲ್ಲವೂ ಕೈಬಿಟ್ಟಾಗಿದೆ. ಅದರ ಎಂಜಿನ್‌ಗೆ ಶಕ್ತಿ ಸಾಲದು ಎಂಬುದು ಹಳೆಯ ದೂರು. ಹೆಚ್ಚು ಬಲದ ಎಂಜಿನ್ ಹಾಕಿಸುವ ಪ್ರಸ್ತಾವದ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಚರ್ಚೆ ನಡೆದು, ವೆಚ್ಚ ದುಬಾರಿಯೆಂದು 2019ರಲ್ಲಿ ಅದನ್ನು ಕೈಬಿಡಲಾಯಿತು. ಇತ್ತ ಕಿರಣ್‌ಗೆ ಬದಲಿಯಾಗಬೇಕಿದ್ದ ಎಚ್‌ಜೆಟಿ-36 ಮೊದಲು ಹಾರಿದ್ದು 2003ರಲ್ಲಿ. ಗಿರಕಿ ಹೊಡೆಯುವಾಗ ವಿಮಾನ ಹತೋಟಿಗೆ ಸಿಗದ ಸಮಸ್ಯೆಯಿಂದ ಆ ಯೋಜನೆ ವರ್ಷಗಟ್ಟಲೆ ಕುಂಟಿತು. ಎಚ್‌ಪಿಟಿ-32ರ ಜಾಗಕ್ಕೆ ಎಚ್‌ಎಎಲ್ ರೂಪಿಸಿದ ಎಚ್‌ಟಿಟಿ-40 ಮೊದಲು ಹಾರಿದ್ದು 2016ರಲ್ಲಿ. 70 ವಿಮಾನಗಳ ಖರೀದಿ ಒಪ್ಪಂದಕ್ಕೆ ಸಹಿ ಬಿದ್ದದ್ದು 2023ರ ಮಾರ್ಚ್‌ನಲ್ಲಿ.