ಇಲಾಖೆಯ ಮೇಲೆ ಕೇಸು ಹಾಕುವ ಮುನ್ನ

ಅಮೆರಿಕದ ಪೊಲೀಸರು ಕೈಮಾಡಿದರೆಂದು ನನ್ನ ಕಚೇರಿಗೆ ಬರುವವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಹೇಳುತ್ತಾರೆ: "ಸರ್, ಇಲಾಖೆಯ ಮೇಲೇ ಹಾಕಿ. ಆ ಪೇದೆಯ ಹತ್ತಿರ ಏನು ಸಿಗುತ್ತದೆ?" ನಮ್ಮವರಾದರೆ ಊರಿನ ಲೆಕ್ಕವೂ ಜೊತೆಗಿರುತ್ತದೆ. ಲಾಕಪ್ ಸಾವೊಂದಕ್ಕೆ ಸರ್ಕಾರವೇ ಹೊಣೆಯೆಂದು ಭಾರತದ ಸುಪ್ರೀಂ ಕೋರ್ಟ್ 1993ರಲ್ಲಿ ಒರಿಸ್ಸಾದ ತಾಯಿಯೊಬ್ಬರಿಗೆ 1.5 ಲಕ್ಷ ರೂಪಾಯಿ ಕೊಡಿಸಿತ್ತು. ಇಲ್ಲಿ ಆ ದಾರಿಯಿಲ್ಲ.

ಫೆಡರಲ್ ಕೋರ್ಟಿನಲ್ಲಿ ನಮ್ಮ ಆಧಾರ 1871ರ ಕಾಯ್ದೆಯಿಂದ ಬಂದ ಸೆಕ್ಷನ್ 1983, ಅಂದರೆ ಸಂವಿಧಾನದ ಹಕ್ಕು ಮುರಿದ ಸರ್ಕಾರಿ ನೌಕರರ ಮೇಲೆ ಪರಿಹಾರಕ್ಕೆ ದಾವೆ ಹೂಡಲು ಬಿಡುವ ಕಲಮು. ಇಲಾಖೆಯನ್ನು ನಡೆಸುವ ನಗರಾಡಳಿತದ ಮೇಲೂ, ಅಂದರೆ ನಗರದ ಮೇಲೂ, ದಾವೆ ಹೂಡಬಹುದು ಎಂದದ್ದು ಅಮೆರಿಕದ ಸುಪ್ರೀಂ ಕೋರ್ಟಿನ 1978ರ ಮೊನೆಲ್ ತೀರ್ಪು. ಆದರೆ ಸಂಬಳ ಕೊಡುತ್ತದೆ ಎಂಬ ಒಂದೇ ಕಾರಣಕ್ಕೆ ನೌಕರನ ತಪ್ಪು ನಗರದ ತಲೆಗೆ ಬರುವುದಿಲ್ಲ ಎಂದದ್ದೂ ಅದೇ ತೀರ್ಪು. ಮತ್ತೆ ಹೇಳುತ್ತೇನೆ, ಮೂರನೇ ಭೇಟಿಯಲ್ಲೂ ಇದೇ ಪ್ರಶ್ನೆ ಏಳುತ್ತದೆ: ಪೇದೆ ಹೊಡೆದದ್ದನ್ನು ಸಾಬೀತು ಮಾಡಿದರೆ ಪೇದೆ ಸಿಕ್ಕಿಬೀಳುತ್ತಾನೆ, ನಗರವಲ್ಲ. ನಗರ ಸಿಕ್ಕಿಬೀಳಬೇಕಾದರೆ ಅದರ ನಿಯಮವೋ, ಬೇರೂರಿದ ರೂಢಿಯೋ, ಗೊತ್ತಿದ್ದೂ ಕಡೆಗಣಿಸಿದ ತರಬೇತಿಯೋ ಆ ಹೊಡೆತಕ್ಕೆ ಕಾರಣವಾಗಿರಬೇಕು. ತರಬೇತಿಯ ವಾದ ಎಷ್ಟು ಕಷ್ಟವೆಂದರೆ, ನ್ಯೂ ಆರ್ಲಿಯನ್ಸ್‌ನಲ್ಲಿ ಸರ್ಕಾರಿ ವಕೀಲರು ಸಾಕ್ಷ್ಯ ಮುಚ್ಚಿಟ್ಟದ್ದರಿಂದ 14 ವರ್ಷ ಗಲ್ಲಿನ ನೆರಳಿನಲ್ಲಿದ್ದವನಿಗೆ ಜ್ಯೂರಿ ಕೊಟ್ಟ 1.4 ಕೋಟಿ ಡಾಲರನ್ನೂ ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ 5–4ರಿಂದ ತಳ್ಳಿಹಾಕಿತು.

ಪೇದೆಯ ಮೇಲಿನ ದಾವೆಯೂ ಸಲೀಸಲ್ಲ, ಅವನಿಗೆ ಅರ್ಹ ವಿನಾಯಿತಿಯ (ಕ್ವಾಲಿಫೈಡ್ ಇಮ್ಯುನಿಟಿ) ಗುರಾಣಿಯಿದೆ: ಸ್ಪಷ್ಟವಾಗಿ ಸ್ಥಾಪಿತವಾದ ಹಕ್ಕನ್ನು ಮುರಿದಿರದಿದ್ದರೆ ಅವನು ದಾವೆಯಿಂದ ಪಾರಾಗುತ್ತಾನೆ. ಆದರೂ ಅಲಬಾಮಾದ ಮ್ಯಾಡಿಸನ್‌ನಲ್ಲಿ 2015ರಲ್ಲಿ ಮೊಮ್ಮಗುವನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ ಅಜ್ಜನನ್ನು ನೆಲಕ್ಕೆ ಕೆಡವಿದ ಅಧಿಕಾರಿಗೆ ಮೇಲ್ಮನವಿ ಕೋರ್ಟ್ 2020ರಲ್ಲಿ ಆ ರಕ್ಷಣೆ ಕೊಡಲಿಲ್ಲ. ಕ್ರಿಮಿನಲ್ ಪ್ರಕರಣದಲ್ಲಿ ಆತ ಖುಲಾಸೆಯಾಗಿದ್ದ ಎಂಬುದನ್ನು ಮರೆಯಬೇಡಿ. ಸಿವಿಲ್ ದಾವೆ ಮರುವರ್ಷ 17.5 ಲಕ್ಷ ಡಾಲರಿಗೆ ರಾಜಿಯಾಯಿತು. ಹಣದ ಚಿಂತೆಯೂ ನೀವು ಅಂದುಕೊಂಡಷ್ಟಿಲ್ಲ. ಪೇದೆ ಸೋತರೂ ಸಾಮಾನ್ಯವಾಗಿ ಪರಿಹಾರ ತೆರುವುದು ನಗರವೇ, ರಾಜ್ಯದ ಕಾನೂನು ನೋಡಿಯೇ ಖಚಿತವಾಗಿ ಹೇಳಬೇಕು.

ನಗರದ ನಿಯಮ, ರೂಢಿಯ ವಿಷಯವನ್ನು ನನಗೆ ಬಿಡಿ, ಸಾಕ್ಷ್ಯ ತನ್ನಿ. ಅಜ್ಜಿಯೊಬ್ಬರು ಗಂಡನ ತೋಳು ಹರಿದ ಸ್ವೆಟರನ್ನು ಒಗೆಯದೆ, ಊರಿನಿಂದ ಹುಣಸೆಹಣ್ಣು ತಂದಿದ್ದ ಜಿಪ್ ಕವರಿನಲ್ಲಿ ಹಾಕಿ ತಂದಿದ್ದರು. ಇಂಜಿನಿಯರ್ ಮಗ ತಂದದ್ದು ಮೇಯರ್‌ಗೆ ಬರೆದ ದೀರ್ಘ ಪತ್ರ. ನನಗೆ ಯಾವುದು ಉಪಯೋಗಕ್ಕೆ ಬಂತೆಂದು ಹೇಳಬೇಕಾಗಿಲ್ಲ.

ಇಲಾಖೆಯ ಆಂತರಿಕ ತನಿಖೆ ಮುಗಿಯಲಿ ಎಂದು ಕಾಯಬೇಡಿ. ಅಲ್ಲಿ ದೂರು ಕೊಟ್ಟ ಮಾತ್ರಕ್ಕೆ ಕೋರ್ಟಿನ ಗಡುವು ನಿಲ್ಲುವುದಿಲ್ಲ. ಇಲಿನಾಯ್‌ನಲ್ಲಿ ಅದು 2 ವರ್ಷ, ಟೆನೆಸ್ಸಿಯಲ್ಲಿ ಒಂದೇ.