ಕಾಡಿನ ಪಕ್ಕದ ಕೆರೆಗೂ ಪಂಪಿನ ನೀರು

ಬರ್ಲಿನ್ನಿನ ಪಶ್ಚಿಮ ಅಂಚಿನಲ್ಲಿ ಗ್ರುನೆವಾಲ್ಡ್ ಅನ್ನೋ ಬಡಾವಣೆ ಇದೆ. ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಮನೆ ಮಾಡಿಕೊಂಡಿದ್ದು ಇಲ್ಲೇ. ಮನೆಗಳ ಸಾಲು ಮುಗಿದರೆ ಅದೇ ಹೆಸರಿನ ಕಾಡು, ಅದರ ಅಂಚಿಗೆ ಸಾಲುಕೆರೆಗಳು. ಕಾಡಿದೆ, ಅದಕ್ಕೇ ಕೆರೆ ತುಂಬಿದೆ ಅನಿಸುತ್ತದೆ ಅಲ್ವಾ? ಆದರೆ ಕುಡಿಯುವ ನೀರಿನ ಬಾವಿಗಳು ಅಂತರ್ಜಲ ಎಳೆದೂ ಎಳೆದೂ ಈ ಕೆರೆಗಳ ಮಟ್ಟ ಕುಸಿಯಿತು. 1913ರಿಂದ ಹಾವೆಲ್ ನದಿಯ ನೀರನ್ನು ಪಂಪ್ ಮಾಡಿ ಷ್ಲಾಖ್ಟನ್‌ಜೇ ಕೆರೆಗೆ ಬಿಡುತ್ತಿದ್ದಾರೆ. ಈಗ ಪಾಚಿ ಕಟ್ಟದಿರಲೆಂದು ಮೊದಲು ಫಾಸ್ಫೇಟ್ ತೆಗೆಯುತ್ತಾರೆ.

ಮರ ಇದ್ದರೆ ಸಾಕು, ನೀರು ತಾನಾಗಿ ಇಂಗುತ್ತದೆ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ತಳಮಳ. ಯಾವ ಮರ ಅಂತ ಯಾರೂ ಕೇಳುವುದೇ ಇಲ್ಲ!

ಗ್ರುನೆವಾಲ್ಡಿನಲ್ಲಿ ಪೈನ್ ಜಾಸ್ತಿ. ಬೇಸಿಗೆಯಲ್ಲಿ ಎಲ್ಲ ಮರಗಳೂ ಬೇರಿನಿಂದ ನೀರು ಹೀರಿ ಎಲೆಯಿಂದ ಆವಿ ಮಾಡುತ್ತವೆ. ಆಗ ಬಿದ್ದ ಮಳೆಯಲ್ಲಿ ಆಳಕ್ಕೆ ಇಳಿಯುವುದು ಕಡಿಮೆ. ಅಂತರ್ಜಲ ತುಂಬುವುದು ಮುಖ್ಯವಾಗಿ ಚಳಿಗಾಲದಲ್ಲಿ. ಪೈನ್ ಮಾತ್ರ ವರ್ಷವಿಡೀ ಬಿಚ್ಚಿಟ್ಟ ಕೊಡೆ. ಹನಿಗಳು ಅದರ ಸೂಜಿ ಎಲೆಗಳಿಗೆ ಅಂಟಿ, ನೆಲ ಮುಟ್ಟುವ ಮೊದಲೇ ಗಾಳಿಗೆ ಆರಿಹೋಗುತ್ತವೆ. ಓಕ್, ಬೀಚ್ ಮರಗಳು ಚಳಿಗಾಲಕ್ಕೆ ಎಲೆ ಉದುರಿಸುತ್ತವೆ. ಮಳೆ ನೇರ ಮಣ್ಣಿಗೆ. ಬೀಚ್ ತೊಗಟೆಯನ್ನಂತೂ ಮಳೆಯಲ್ಲಿ ನೋಡಬೇಕು: ಬೂದು ಬಣ್ಣ, ಪೂರಾ ನುಣುಪು. ಕೊಂಬೆಗಳ ನೀರೆಲ್ಲ ಒಟ್ಟಾಗಿ ಕಾಂಡದ ಮೇಲೆ ಕಪ್ಪು ಗೆರೆ ಎಳೆಯುತ್ತಾ ಹರಿದು ಬುಡಕ್ಕಿಳಿಯುತ್ತದೆ. ಪೈನಿನ ಒರಟು, ಬಿರುಕು ತೊಗಟೆಯಲ್ಲಿ ಹೀಗೆ ಹರಿಯುವುದು ತೀರಾ ಕಡಿಮೆ.

ಹಾಗಾದರೆ ಪೈನ್ ಯಾಕೆ? ಮರಳು ನೆಲದಲ್ಲೂ ಬೇಗ ಬೆಳೆಯುತ್ತದೆ, ಅದಕ್ಕೆ. ಎರಡನೇ ಮಹಾಯುದ್ಧ ಮುಗಿದಾಗ ಚಳಿಗೆ ನಡುಗುತ್ತಿದ್ದ ಜನ ಸೌದೆಗಾಗಿ ಇಲ್ಲಿನ ಮರಗಳನ್ನು ಕಡಿದರು. ಆಮೇಲೆ ಮತ್ತೆ ನೆಡಬೇಕಾಯಿತು.

ಕಾಡಿನ ಜಾಗವಾದರೂ ಉಳಿದಿದ್ದು 1915ರ ಒಪ್ಪಂದದಿಂದ. ಮನೆ ಕಟ್ಟುವವರ ಕಣ್ಣು ಇದರ ಮೇಲಿತ್ತು. ಬರ್ಲಿನ್ ಮತ್ತು ಸುತ್ತಲಿನ ಊರುಗಳ ಒಕ್ಕೂಟ ಆಗಿನ ಜರ್ಮನಿಯ ಪ್ರಷ್ಯಾ ರಾಜ್ಯದ ಸರ್ಕಾರಕ್ಕೆ 5 ಕೋಟಿ ಮಾರ್ಕ್ ಕೊಟ್ಟು, ಗ್ರುನೆವಾಲ್ಡ್ ಸೇರಿ ಸುಮಾರು 10,000 ಹೆಕ್ಟೇರ್ ಕಾಡು ಕೊಂಡಿತು. ಇದನ್ನು ಕಾಡಾಗಿಯೇ ಉಳಿಸಬೇಕು ಅನ್ನುವುದು ಕರಾರು. ಎಂಥ ದೂರದೃಷ್ಟಿ!

2012ರಿಂದ ಬರ್ಲಿನ್ ತನ್ನ ಪೈನ್ ಕಾಡುಗಳನ್ನು ಮಿಶ್ರ ಕಾಡು ಮಾಡುತ್ತಿದೆ. ಪೈನನ್ನು ಪೂರ್ತಿ ಬೋಳಿಸುವುದಿಲ್ಲ. ಅಲ್ಲಲ್ಲಿ ತೆಳು ಮಾಡಿ, ನೆರಳಲ್ಲೇ ಓಕ್, ಬೀಚ್ ಸಸಿ ನೆಡುತ್ತಾರೆ. ಆ ಎಳೆ ಚಿಗುರೆಂದರೆ ಜಿಂಕೆಗಳಿಗೆ ಪ್ರಾಣ. ಹಾಗಾಗಿ ಸಸಿಗಳು ಜಿಂಕೆಯ ಬಾಯಿಗೆ ಎಟುಕದಷ್ಟು ಎತ್ತರ ಆಗುವವರೆಗೆ ಬೇಲಿ ಬೇಕು, ಲೆಕ್ಕ ಇಟ್ಟು ಬೇಟೆಯೂ ಆಗಬೇಕು.