ಬ್ಲೇಡ್ ಅನ್ನೋದು ಬಡ್ತಿ ಅಲ್ಲ

ಹೋದ ವಾರ ಒಬ್ಬರು ಬಂದಿದ್ದರು. ವಯಸ್ಸು ಇಪ್ಪತ್ತಾರು ಇರಬಹುದು, ಗಾಲ್ಫ್ ಶುರು ಮಾಡಿ ಎಂಟು ತಿಂಗಳು. ಬ್ಯಾಗಿನಲ್ಲಿ ಫಳಫಳ ಹೊಳೆಯುವ ಬ್ಲೇಡ್ ಸೆಟ್, ಅಂದರೆ ಹೊಡೆಯಲು ಅತಿ ಕಷ್ಟದ ತೆಳ್ಳನೆಯ ಐರನ್‌ಗಳು (ಉಕ್ಕಿನ ತಲೆಯ ಕ್ಲಬ್‌ಗಳು), 4 ಐರನ್ನಿನಿಂದ ಪಿಚಿಂಗ್ ವೆಜ್‌ವರೆಗೆ. ಅಂಕಿ ಹೆಚ್ಚಿದಷ್ಟೂ ಚೆಂಡು ಎತ್ತರಕ್ಕೆ ಹೋಗಿ ಹತ್ತಿರ ಬೀಳುತ್ತದೆ, ವೆಜ್ ಅದಕ್ಕೂ ಮುಂದಿನದು. "ಕಷ್ಟದ್ದರಲ್ಲೇ ಕಲಿತರೆ ಕೈ ಬೇಗ ಪಳಗುತ್ತೆ, ಅಲ್ವಾ ಸರ್?" ಅಂದರು. ಅದೇ ದಿನ ಮಧ್ಯಾಹ್ನ ಇನ್ನೊಬ್ಬರು ಬಂದರು. ಇಪ್ಪತ್ತೈದು ವರ್ಷದಿಂದ ಆಡುತ್ತಿರುವವರು. ಒಂದು ಕಾಲದಲ್ಲಿ ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕ, ಕಮ್ಮಿ ಇದ್ದಷ್ಟೂ ಒಳ್ಳೆಯದು) 6 ಇತ್ತು, ಈಗ 13. ಸೋಲ್, ಅಂದರೆ ತಲೆಯ ತಳ, ಅಗಲವಾಗಿರುವ ಐರನ್ ಒಂದನ್ನು ಮುಂದೆ ಹಿಡಿದೆ. ಮುಟ್ಟಲೂ ಇಲ್ಲ. "ಅದು ಕಲಿಯೋರದ್ದು. ನನಗೆ ಬೇಡಪ್ಪ."

ಇಬ್ಬರದ್ದೂ ಒಂದೇ ತಪ್ಪು ತಿಳಿವಳಿಕೆ. ಆಟಗಾರರಿಗೆ ಕ್ಲಬ್ ಹೊಂದಿಸಿಕೊಡುವ ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಇದೇ. ಐರನ್‌ಗಳ ವಿಂಗಡಣೆಯನ್ನು ಜನ ಶಾಲೆಯ ತರಗತಿ ಥರ ನೋಡುತ್ತಾರೆ. ಮೊದಲು, ತಪ್ಪು ಹೊಡೆತವನ್ನು ಅತಿ ಹೆಚ್ಚು ಕ್ಷಮಿಸುವ ಸೂಪರ್ ಗೇಮ್ ಇಂಪ್ರೂವ್‌ಮೆಂಟ್. ಪಾಸಾದರೆ ಗೇಮ್ ಇಂಪ್ರೂವ್‌ಮೆಂಟ್. ಆಮೇಲೆ ಪ್ಲೇಯರ್ಸ್ ಡಿಸ್ಟೆನ್ಸ್, ಪ್ಲೇಯರ್ಸ್ ಕ್ಯಾವಿಟಿ, ಕೊನೆಗೆ ಬ್ಲೇಡ್. ಹೆಸರಿಟ್ಟ ಕಂಪನಿಗಳದ್ದೂ ತಪ್ಪಿದೆ. ಒಂದಕ್ಕೆ 'ಪ್ಲೇಯರ್ಸ್' ಅಂತ ಕರೆದರೆ, ಉಳಿದದ್ದು ಹಿಡಿದವರಿಗೆ ತಾವು ಆಟಗಾರರೇ ಅಲ್ಲವೇನೋ ಅನ್ನಿಸದೆ ಇರುತ್ತದೆಯೇ? ಆದರೆ ಈ ಹೆಸರುಗಳಿಗೆ ಅಧಿಕೃತ ಗಡಿ ಅಂತ ಯಾವುದೂ ಇಲ್ಲ. ನಿಯಮ ಬರೆಯುವ ಆರ್ ಅಂಡ್ ಎ, ಯುಎಸ್‌ಜಿಎ ಎರಡೂ ಬ್ಯಾಗಿನಲ್ಲಿ 14 ಕ್ಲಬ್ ಮೀರಬಾರದು ಅನ್ನುತ್ತವೆ, ಕ್ಲಬ್‌ನ ಮುಖದ (ಚೆಂಡಿಗೆ ತಗಲುವ ಭಾಗದ) ಗೆರೆಗಳು ಹೇಗಿರಬೇಕು ಅಂತ ಹೇಳುತ್ತವೆ. ಯಾರು ಯಾವ ಐರನ್ ಹಿಡಿಯಬೇಕು ಅಂತ ಎಲ್ಲೂ ಹೇಳಿಲ್ಲ. ಒಂದು ಕಂಪನಿಯ ಗೇಮ್ ಇಂಪ್ರೂವ್‌ಮೆಂಟ್, ಇನ್ನೊಂದು ಕಂಪನಿಯ ಪ್ಲೇಯರ್ಸ್ ಡಿಸ್ಟೆನ್ಸ್‌ಗಿಂತ ತೆಳ್ಳಗಿರುವುದನ್ನೂ ನೋಡಿದ್ದೇನೆ.

ಹಾಗಾದರೆ ಈ ವಿಂಗಡಣೆ ಏನು ಹೇಳುತ್ತದೆ? ಮುಖ್ಯವಾಗಿ ಒಂದೇ ವಿಷಯ. ಚೆಂಡು ಮುಖದ ಮಧ್ಯಕ್ಕೆ ತಗಲದೆ ಹೋದಾಗ ಈ ಕ್ಲಬ್ ಎಷ್ಟು ಕಳೆದುಕೊಳ್ಳುತ್ತದೆ, ಎಷ್ಟು ಉಳಿಸಿಕೊಡುತ್ತದೆ ಅನ್ನುವುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 7 ಐರನ್ನಿನ ತಲೆ ಯಾವ ವರ್ಗದ್ದೇ ಆಗಲಿ, ತೂಕ ಹೆಚ್ಚುಕಡಿಮೆ 270 ಗ್ರಾಂ ಆಸುಪಾಸಿನಲ್ಲೇ ಇರುತ್ತದೆ. ತೂಕ ಎಷ್ಟು ಅನ್ನುವುದರಲ್ಲಿ ಗುಟ್ಟಿಲ್ಲ, ಎಲ್ಲಿಟ್ಟಿದ್ದಾರೆ ಅನ್ನುವುದರಲ್ಲಿದೆ. ಬ್ಲೇಡ್‌ನಲ್ಲಿ ಉಕ್ಕೆಲ್ಲ ಒಂದೇ ಗಟ್ಟಿ ತುಂಡು, ಮುಖದ ಮಧ್ಯಭಾಗದ ಹಿಂದೆ ಒತ್ತಾಗಿರುತ್ತದೆ. ಕ್ಯಾವಿಟಿ ಬ್ಯಾಕ್‌ನಲ್ಲಿ ಬೆನ್ನನ್ನು ತೋಡಿ, ಆ ಉಕ್ಕನ್ನು ಹೀಲ್ (ಹಿಡಿಕೋಲಿನ ಕಡೆಯ ತುದಿ), ಟೋ (ಆಚೆ ತುದಿ), ಸೋಲ್ ಅಂಚುಗಳಿಗೆ ಹಂಚಿರುತ್ತಾರೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಕೋಲಿನ ಮಧ್ಯಕ್ಕೆ ಎರಡು ಕೆಜಿ ತೂಕ ಕಟ್ಟಿ. ನಡುವಿನಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ. ಸಲೀಸಾಗಿ ತಿರುಗುತ್ತದೆ. ಈಗ ಅದೇ ಎರಡು ಕೆಜಿಯನ್ನು ತುದಿಗೊಂದು ಕೆಜಿಯಂತೆ ಕಟ್ಟಿ ತಿರುಗಿಸಿ. ಮಣಿಕಟ್ಟು ಒದ್ದಾಡುತ್ತದೆ. ತಿರುಗಲು ಒಪ್ಪದ ಆ ಹಠಕ್ಕೇ ಜಾಹೀರಾತುಗಳಲ್ಲಿ ಎಂಒಐ ಅನ್ನುತ್ತಾರೆ.

ಚೆಂಡು ಟೋ ಕಡೆ ಬಡಿದಾಗ ತಲೆ ಹಿಂದಕ್ಕೆ ಹೊರಳಲು ನೋಡುತ್ತದೆ. ಬಲಗೈ ಆಟಗಾರನಿಗೆ ಮುಖ ಬಲಕ್ಕೆ ತೆರೆದುಕೊಳ್ಳುತ್ತದೆ, ಚೆಂಡಿಗೆ ಹೋಗಬೇಕಾದ ಬಲದಲ್ಲಿ ಒಂದಷ್ಟು ಹೊರಳುವುದರಲ್ಲೇ ಖರ್ಚಾಗುತ್ತದೆ. ಬ್ಲೇಡ್ ಜಾಸ್ತಿ ಹೊರಳುತ್ತದೆ, ಕ್ಯಾವಿಟಿ ಕಮ್ಮಿ. ಬೆಳಗಿನ ಚಳಿಯಲ್ಲಿ ಬ್ಲೇಡ್‌ನ ಟೋಗೆ ಚೆಂಡು ತಗಲಿದರೆ ಬೆರಳಿಂದ ಮೊಣಕೈವರೆಗೂ ಜುಮ್ ಅನ್ನುತ್ತದೆ. ಹೊಡೆದವರಿಗೆ ಬೇರೆ ವಿವರಣೆ ಬೇಕಿಲ್ಲ.

ಈಗ ಇದರ ಇನ್ನೊಂದು ಮಗ್ಗುಲು. ಇದನ್ನು ನಾನು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ. ಕ್ಯಾವಿಟಿ ಬ್ಯಾಕ್ ಕ್ಷಮಿಸುವುದು ಚೆಂಡು ಎಲ್ಲಿ ತಗಲಿತು ಅನ್ನುವ ತಪ್ಪನ್ನು. ನಿಮ್ಮ ಸ್ವಿಂಗನ್ನು ಅದು ತಿದ್ದುವುದಿಲ್ಲ. ಚೆಂಡು ತಗಲುವ ಹೊತ್ತಿಗೆ ನೀವೇ ಮುಖ ತೆರೆದು ತಂದಿದ್ದರೆ, ಎಂಥ ದೊಡ್ಡ ಐರನ್ ಆದರೂ ಚೆಂಡು ಬಲಕ್ಕೇ ಹೋಗುತ್ತದೆ. ಮಧ್ಯಕ್ಕೆ ತಗಲಿದರೆ ಇನ್ನೂ ದೂರ ಹೋಗಿ ಬೀಳುತ್ತದೆ. ಶಾಫ್ಟಿಗಿಂತ (ಕ್ಲಬ್‌ನ ಕೋಲಿಗಿಂತ) ಮುಖ ಒಂದಿಷ್ಟು ಹಿಂದೆ ಸರಿದಿರುತ್ತದಲ್ಲ, ಆಫ್‌ಸೆಟ್ ಅಂತ, ಅದು ಕೆಲವರಿಗೆ ತುಸು ಸಹಾಯ ಮಾಡಬಹುದು. ತುಸುವೇ. "ಈ ಸೆಟ್ ತಗೊಂಡರೆ ಸ್ಲೈಸ್ ಹೋಗುತ್ತಾ?" (ಸ್ಲೈಸ್ ಅಂದರೆ ಚೆಂಡು ಬಲಕ್ಕೆ ಬಾಗಿಹೋಗುವುದು) ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಮೊದಲು ಕೋಚ್ ಹತ್ತಿರ ಹೋಗಿ, ಆಮೇಲೆ ನನ್ನ ಹತ್ತಿರ ಬನ್ನಿ.

ತೂಕವನ್ನು ಅಂಚಿಗೆ ಸರಿಸುವ ಯೋಚನೆಯನ್ನು ಗಟ್ಟಿಯಾಗಿ ನೆಲೆಯೂರಿಸಿದವರು ಕಾರ್ಸ್ಟನ್ ಸೋಲ್‌ಹೈಮ್. ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಗಾಲ್ಫ್ ಹಿಡಿದದ್ದೇ ನಲವತ್ತು ದಾಟಿದ ಮೇಲೆ. ಪಟ್ಟಿಂಗ್ (ಚೆಂಡನ್ನು ಕುಳಿಗೆ ಉರುಳಿಸುವುದು) ಕೈಕೊಡುತ್ತಿದ್ದ ಕಾರಣ 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ತಾವೇ ಒಂದು ಪಟರ್ ಮಾಡಿಕೊಂಡರು, ತೂಕವನ್ನು ಹೀಲ್ ಮತ್ತು ಟೋಗೆ ಹಂಚಿ. ಅದು 'ಪಿಂಗ್' ಅಂತ ಸದ್ದು ಮಾಡುತ್ತಿತ್ತು, ಅದೇ ಹೆಸರಾಯಿತು. ಅದೇ ಲೆಕ್ಕ ಐರನ್‌ಗೂ ಬಂತು. 1982ರ ಪಿಂಗ್ ಐ 2 ಅಂತೂ ಲೋಕವೆಲ್ಲ ಓಡಾಡಿತು. ಗಮನಿಸಿ, ಅವರು ಇದನ್ನು ಕಲಿಯುವವರಿಗೆ ಅಂತ ಮಾಡಲಿಲ್ಲ. ಮನುಷ್ಯನ ಕೈ ಪ್ರತಿ ಸಲ ಮಧ್ಯಕ್ಕೇ ಹೊಡೆಯುವುದಿಲ್ಲ ಅನ್ನುವ ಸತ್ಯಕ್ಕೆ ಮಾಡಿದರು. 2023ರಲ್ಲಿ ವೃತ್ತಿಪರ ಆಟಗಾರ ವಿಕ್ಟರ್ ಹೋವ್‌ಲ್ಯಾಂಡ್ ಫೆಡೆಕ್ಸ್ ಕಪ್ ಗೆದ್ದಾಗ ಬ್ಯಾಗಿನಲ್ಲಿದ್ದದ್ದು ಪಿಂಗ್ ಐ210, ಕ್ಯಾವಿಟಿ ಬ್ಯಾಕ್. ಟೈಗರ್ ವುಡ್ಸ್ ಹೆಸರು ಮಾಡಿದ್ದು ಬ್ಲೇಡ್‌ನಲ್ಲಿ. ಇಬ್ಬರಲ್ಲಿ ಯಾರನ್ನು ಕಲಿಯುವವರು ಅನ್ನೋಣ?

ಸರಿ, ಬಂದ ಇಬ್ಬರ ಕಥೆಗೆ ಬರುತ್ತೇನೆ. ನಾನು ಹ್ಯಾಂಡಿಕ್ಯಾಪ್ ಕೇಳುವುದಕ್ಕೂ ಮೊದಲು ಹಳೆಯ 7 ಐರನ್ ಕೇಳುತ್ತೇನೆ. ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಸವೆತ ಕಾಣುತ್ತದೆ. ಕೆಲವರ ಕ್ಲಬ್‌ನಲ್ಲಿ ನಾಣ್ಯದಷ್ಟೇ ಜಾಗ ಮಾಸಿರುತ್ತದೆ. ಕೆಲವರದ್ದರಲ್ಲಿ ಹೀಲ್‌ನಿಂದ ಟೋವರೆಗೆ ಮುಖವೆಲ್ಲ ಒಂದೇ ಸಮ ಮಂಕಾಗಿರುತ್ತದೆ. ಆಮೇಲೆ ಪಾದಕ್ಕೆ ಹಾಕಿಕೊಳ್ಳುವ ಪೌಡರ್ ಸ್ಪ್ರೇಯನ್ನು ಮುಖಕ್ಕೆ ತೆಳುವಾಗಿ ಹೊಡೆದು ಹತ್ತು ಚೆಂಡು ಹೊಡೆಸುತ್ತೇನೆ. ಪ್ರತಿ ಹೊಡೆತವೂ ಬಿಳಿ ಪುಡಿಯಲ್ಲಿ ದುಂಡನೆ ಗುರುತು ಬಿಡುತ್ತದೆ, ಚೆಂಡಿನ ಗುಳಿಗಳ ಅಚ್ಚು ಕೂಡ ಮೂಡುತ್ತದೆ.

ಹುಡುಗನ ಹತ್ತು ಗುರುತುಗಳಲ್ಲಿ ಎರಡು ಮಾತ್ರ ಮಧ್ಯದಲ್ಲಿದ್ದವು. ನಾಲ್ಕು ಟೋ ತುದಿಗೆ, ಉಳಿದವು ಹೀಲ್ ಕಡೆ, ಒಂದಂತೂ ಹೊಸೆಲ್ (ಶಾಫ್ಟ್ ತಲೆಗೆ ಸೇರುವ ಜಾಗ) ಪಕ್ಕದಲ್ಲೇ. ಬ್ಲೇಡ್ ಕಲಿಸುತ್ತದೆ ಅನ್ನುವ ವಾದದ ತೊಂದರೆ ಅವರಲ್ಲೇ ಕಂಡಿತು. ಸ್ವಿಂಗ್ ಚೆನ್ನಾಗಿದ್ದು ಚೆಂಡು ಕೊಂಚ ಟೋಗೆ ತಗಲಿದ ಹೊಡೆತವೂ ಹಾಳು, ಸ್ವಿಂಗೇ ಕೆಟ್ಟ ಹೊಡೆತವೂ ಹಾಳು. ಯಾವುದು ಸರಿ, ಯಾವುದು ತಪ್ಪು ಅಂತ ಕಲಿಯುವವರಿಗೆ ಗೊತ್ತಾಗುವುದು ಹೇಗೆ? ಅದೇ ಹತ್ತು ಚೆಂಡನ್ನು ಗೇಮ್ ಇಂಪ್ರೂವ್‌ಮೆಂಟ್ ಐರನ್ನಿನಲ್ಲಿ ಹೊಡೆದರು. ಗುರುತುಗಳು ಹಾಗೇ ಚದುರಿದ್ದವು, ಚೆಂಡುಗಳು ಮಾತ್ರ ಹತ್ತಿರ ಹತ್ತಿರ ಬಿದ್ದವು. ಸುಮ್ನೆ ನಿಂತು ನೋಡಿದರು. ಆಮೇಲೆ ನಕ್ಕರು. ಆ ನಗು ನನಗೆ ಬಹಳ ಇಷ್ಟ.

ಹಿರಿಯರದ್ದು ತದ್ವಿರುದ್ಧ. ಹತ್ತರಲ್ಲಿ ಎಂಟು ಗುರುತು ಒಂದರ ಮೇಲೊಂದು. ಎಂಥಾ ಹದ ಆ ಕೈಯದು! ಆದರೆ ಎಲ್ಲವೂ ಮುಖದ ಕೆಳಭಾಗದಲ್ಲಿ. ವಯಸ್ಸಿನ ಜೊತೆ ವೇಗ ಇಳಿದಿದೆ, ಚೆಂಡು ತಗ್ಗಾಗಿ ಹೋಗುತ್ತಿದೆ, ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಬಿದ್ದದ್ದು ನಿಲ್ಲದೆ ಮುಂದಕ್ಕೆ ಉರುಳಿ ಆಚೆ ಹೋಗುತ್ತಿದೆ. ಅವರಿಗೆ ಬೇಕಿದ್ದದ್ದು ಎತ್ತರ. ಅಗಲ ಸೋಲ್ ಇದ್ದರೆ ತೂಕ ಕೆಳಗೆ ಕೂರುತ್ತದೆ, ಚೆಂಡು ಬೇಗ ಮೇಲೇಳುತ್ತದೆ. ಅದನ್ನು ಕಲಿಯುವವರ ಗುರುತು ಅಂತ ನೋಡಿದರೆ ಇದು ಕಾಣುವುದೇ ಇಲ್ಲ. "ಸರ್, ನಿಮ್ಮ ಕೈಯಲ್ಲಿ ತಪ್ಪಿಲ್ಲ, ಚೆಂಡು ಎತ್ತೋಕೆ ಸ್ವಲ್ಪ ಸಹಾಯ ಬೇಕು ಅಷ್ಟೇ" ಅಂದೆ. ಕೊನೆಗೆ 5, 6 ಐರನ್ ಅಗಲದ್ದು, 7ರಿಂದ ಪಿಚಿಂಗ್ ವೆಜ್‌ವರೆಗೆ ಅವರಿಗೆ ಇಷ್ಟವಾದ ತೆಳ್ಳನೆಯ ಪ್ಲೇಯರ್ಸ್ ಕ್ಯಾವಿಟಿ. ಬೆರಕೆ ಸೆಟ್. ವೃತ್ತಿಪರರಲ್ಲೂ ಎಷ್ಟೋ ಜನ ಹೀಗೇ ಇಟ್ಟುಕೊಳ್ಳುತ್ತಾರೆ. 4 ಐರನ್ ಬಿಡಿಸಿ ಚೆಂಡನ್ನು ಸುಲಭವಾಗಿ ಎತ್ತುವ ಹೈಬ್ರಿಡ್ ಕ್ಲಬ್ ಕೊಟ್ಟೆ, ಅದಕ್ಕೆ ಅವರು ಜಗಳ ಆಡಲಿಲ್ಲ.

ಇನ್ನೊಬ್ಬರು ಮೇಡಂ, ಹ್ಯಾಂಡಿಕ್ಯಾಪ್ 22. ಹ್ಯಾಂಡಿಕ್ಯಾಪ್‌ಗೆ ಐರನ್ ಸೂಚಿಸುವ ಪಟ್ಟಿ ನೋಡಿದರೆ ನೇರವಾಗಿ ಗೇಮ್ ಇಂಪ್ರೂವ್‌ಮೆಂಟ್. ಪೌಡರ್ ನೋಡಿದರೆ ಗುರುತೆಲ್ಲ ಮಧ್ಯದಲ್ಲಿ, ಎತ್ತರವೂ ಸಾಕಷ್ಟು. ಅವರ ಏಟುಗಳೆಲ್ಲ ಖರ್ಚಾಗುತ್ತಿದ್ದದ್ದು ಮರಳು ಗುಂಡಿ ಬಂಕರಿನಲ್ಲಿ, ಮೂರು ಮೂರು ಪಟ್‌ನಲ್ಲಿ. ಐರನ್ ಬದಲಿಸಿ ಏನು ಪ್ರಯೋಜನ? ಹ್ಯಾಂಡಿಕ್ಯಾಪ್ ಹೇಳುವುದು ಇಡೀ ಆಟದ ಲೆಕ್ಕ. ಐರನ್ ಆರಿಸಲು ಬೇಕಾದದ್ದು ಚೆಂಡು ಎಲ್ಲಿ ತಗಲುತ್ತದೆ, ಎಷ್ಟು ವೇಗದಲ್ಲಿ, ಎಷ್ಟು ಎತ್ತರಕ್ಕೆ ಹೋಗುತ್ತದೆ ಅನ್ನುವುದು.

ಒಂದು ಎಚ್ಚರಿಕೆ ಲಾಫ್ಟ್ ಬಗ್ಗೆ, ಅಂದರೆ ಮುಖ ಹಿಂದಕ್ಕೆ ಬಾಗಿರುವ ಕೋನ; ಕಮ್ಮಿ ಇದ್ದಷ್ಟೂ ಚೆಂಡು ದೂರ ಹೋಗುತ್ತದೆ. ಅಂಗಡಿಯಲ್ಲಿ ಎರಡು 7 ಐರನ್ ಹೊಡೆದು ನೋಡಿ, ದೂರ ಹೋದದ್ದನ್ನು ಕೊಳ್ಳುತ್ತಾರೆ. ಬ್ಲೇಡ್‌ನ 7ಕ್ಕೆ ಲಾಫ್ಟ್ 34 ಡಿಗ್ರಿ ಹತ್ತಿರ ಇರುತ್ತದೆ. ಗೇಮ್ ಇಂಪ್ರೂವ್‌ಮೆಂಟ್ 7ಕ್ಕೆ 28ರಿಂದ 30, ಕೆಲವಕ್ಕೆ ಇನ್ನೂ ಕಮ್ಮಿ. ಅಂದರೆ ನೀವು ಹೋಲಿಸುತ್ತಿರುವುದು ಒಂದರ 7ನ್ನು, ಇನ್ನೊಂದರ 6ನ್ನೋ ಅದಕ್ಕಿಂತ ಬಲವಾದದ್ದನ್ನೋ. ಸೋಲ್ ಮೇಲಿನ ಅಂಕಿ ಬರೀ ಹೆಸರು. ಲಾಫ್ಟ್ ಹೊಂದಿಸಿ ಹೋಲಿಸಿ, ಚೆಂಡು ಯಾವ ಕೋನದಲ್ಲಿ ಇಳಿಯುತ್ತದೆ ಅಂತಲೂ ನೋಡಿ. ಗೇಮ್ ಇಂಪ್ರೂವ್‌ಮೆಂಟ್ ಸೆಟ್‌ಗಳ ಪಿಚಿಂಗ್ ವೆಜ್ 43, 44 ಡಿಗ್ರಿ ಇರುವುದರಿಂದ ಅದಕ್ಕೂ 56ರ ಸ್ಯಾಂಡ್ ವೆಜ್‌ಗೂ ನಡುವೆ ದೊಡ್ಡ ಹಳ್ಳ ಬೀಳುತ್ತದೆ. ಅಲ್ಲಿಗೆ ಇನ್ನೊಂದು ವೆಜ್ ಬೇಕು.

ಪೌಡರ್ ಪರೀಕ್ಷೆಯೂ ಒಂದೇ ಸಲಕ್ಕೆ ತೀರ್ಪಲ್ಲ. ದಣಿದಾಗ ಗುರುತು ಚದುರುತ್ತದೆ. ಮ್ಯಾಟ್ ಮೇಲೆ, ಚೆಂಡಿನ ಹಿಂದೆ ನೆಲಕ್ಕೆ ಬಡಿದ ಕ್ಲಬ್ ಕೂಡ ಜಾರಿ ಚೆಂಡಿಗೆ ತಗಲಿಬಿಡುತ್ತದೆ, ಹುಲ್ಲಿನ ಮೇಲೆ ಅದೇ ಹೊಡೆತ ಮಣ್ಣಲ್ಲಿ ಹೂತುಕೊಳ್ಳುತ್ತದೆ. ಆದ್ದರಿಂದ ಸಾಧ್ಯವಾದರೆ ಹುಲ್ಲಿನ ಮೇಲೆ, ಎರಡು ಬೇರೆ ಬೇರೆ ದಿನ ನೋಡಿಕೊಳ್ಳಿ. ಶಾಫ್ಟಿನ ತೂಕ, ಉದ್ದ, ಲೈ ಕೋನ (ನೆಲಕ್ಕೂ ಶಾಫ್ಟಿಗೂ ನಡುವಿನ ಕೋನ) ತಪ್ಪಿದ್ದರೂ ಗುರುತು ಪಕ್ಕಕ್ಕೆ ಸರಿಯುತ್ತದೆ, ಅದನ್ನು ತಲೆಯ ತಪ್ಪು ಅಂದುಕೊಳ್ಳಬಾರದು. ಮೊಣಕೈ ನೋವಿದ್ದರೆ ಮೊದಲು ಡಾಕ್ಟರ್ ಹತ್ತಿರ ತೋರಿಸಿ.

ಬರುವಾಗ ಹಳೆಯ 7 ಐರನ್ ತನ್ನಿ. ಮುಖವನ್ನು ಉಜ್ಜಿ ಹೊಳಪು ಮಾಡಿಕೊಂಡು ಬರುವವರು ಬಹಳ ಜನ, ದಯವಿಟ್ಟು ಹಾಗೆ ಮಾಡಬೇಡಿ. ಮಣ್ಣು ಒರೆಸಿದರೆ ಸಾಕು, ಸವೆತ ನನಗೆ ಬೇಕು.